ಕಾರಿನ ಕೌಲ್ ಮೇಲೆ ಸುರಿದ ಒಂದು ಬಾಟಲಿ ನೀರು: 1969ರ ಮಸ್ಟಾಂಗ್ ಕೊಂಡ ಪ್ರಕರಣ

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಶನಿವಾರ ರಾತ್ರಿ ಗೆಳೆಯ ಫೋನ್ ಮಾಡಿದ. ದನಿಯಲ್ಲೇ ಸಂಭ್ರಮ.

"ಅಣ್ಣ, ಗಾಡಿ ಸಿಕ್ತು! 1969ರ ಮಸ್ಟಾಂಗ್ ಮ್ಯಾಕ್ 1. ಕೆಂಪು ಬಣ್ಣ. 46,500 ಡಾಲರ್ ಹೇಳ್ತಿದಾರೆ. ನಾಳೆ ಬೆಳಿಗ್ಗೆ 2,000 ಟೋಕನ್ ಕಳಿಸಿಬಿಡ್ತೀನಿ."

"ಹೋಗಿ ನೋಡಿದ್ಯಾ?"

"ಇಲ್ಲ, ಫೋಟೊ ನೋಡಿದೀನಿ. ನಲವತ್ತು ಫೋಟೊ ಹಾಕಿದಾರೆ."

"ಅದರಲ್ಲಿ ಗಾಡಿ ಕೆಳಗೆ ಮಲಗಿ ತೆಗೆದದ್ದು ಎಷ್ಟಿದೆ?"

ಸ್ವಲ್ಪ ಹೊತ್ತು ಸದ್ದಿಲ್ಲ. ಒಂದೊಂದೇ ಫೋಟೊ ಸರಿಸಿ ನೋಡುತ್ತಿದ್ದ ಅಂತ ಕಾಣುತ್ತದೆ. ಒಂದೂ ಇರಲಿಲ್ಲ.

ಮಸ್ಟಾಂಗ್ ಅಂದರೆ ಫೋರ್ಡ್ ಕಂಪನಿಯ ಕಾರು, ಮ್ಯಾಕ್ 1 ಅದರಲ್ಲೊಂದು ಸ್ಪೋರ್ಟಿ ಮಾದರಿ. ಈ ಖರೀದಿ ಹೇಗೆ ಶುರುವಾಗಿ ಎಲ್ಲಿಗೆ ಮುಟ್ಟಿತು ಅನ್ನುವುದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಡೆಟ್ರಾಯ್ಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಬಹಳ ಮಂದಿ ಇದ್ದಾರೆ. ನಲವತ್ತು ದಾಟಿದ ಮೇಲೆ ಅವರಲ್ಲಿ ಒಬ್ಬರಲ್ಲ ಒಬ್ಬರು ಹಳೆ ಮಸಲ್ ಕಾರಿನ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಹದಿನಾಲ್ಕು ವರ್ಷದಿಂದ ನನ್ನ ಹತ್ತಿರ ಒಂದು ಹಳೆ ಫೋರ್ಡ್ ಇದೆ. ಅದರ ತಗಡನ್ನು ನಾನೇ ಕತ್ತರಿಸಿ, ಬೆಸುಗೆ ಹಾಕಿ ಕಲಿತದ್ದೇ ನನಗೆ ಗೊತ್ತಿರುವುದು. ಇಲ್ಲಿರುವ ಲೆಕ್ಕವೆಲ್ಲ ಗೆಳೆಯನದು, ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ಕೊಳ್ಳುವವನು

ಅವನದು ಹಾಸನದ ಕಡೆ. ವಯಸ್ಸು 41. ಮಿಶಿಗನ್‌ನಲ್ಲಿ ಬ್ರೇಕ್ ಕಂಟ್ರೋಲರ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಅಂದರೆ ಇವತ್ತಿನ ಕಾರು ಅವನಿಗೆ ಕರತಲಾಮಲಕ. ಕಂಪ್ಯೂಟರ್ ಇಲ್ಲದ ಕಾರನ್ನು ಮಾತ್ರ ಒಮ್ಮೆಯೂ ಬಿಚ್ಚಿ ನೋಡಿದವನಲ್ಲ. ಹೆಂಡತಿ, ಆರು ವರ್ಷದ ಮಗಳು, ಎರಡು ಕಾರು ನಿಲ್ಲುವ ಗ್ಯಾರೇಜ್ ಇರುವ ಮನೆ. ಐದು ವರ್ಷದಿಂದ ಇದಕ್ಕೆಂದೇ ಕೂಡಿಟ್ಟ ದುಡ್ಡು 48,000 ಡಾಲರ್. ಆಸೆ ಒಂದೇ. ಆಗಸ್ಟ್ ತಿಂಗಳ ಮೂರನೇ ಶನಿವಾರ ಇಲ್ಲಿನ ವುಡ್‌ವರ್ಡ್ ಅವೆನ್ಯೂ ಮೇಲೆ ಸಾವಿರಾರು ಹಳೆ ಕಾರುಗಳು ಮೆರವಣಿಗೆಯ ಹಾಗೆ ಓಡಾಡುತ್ತವೆ. 1995ರಲ್ಲಿ ಶುರುವಾದ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅದು. ಅದರಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಯಬೇಕು.

ಒಳ್ಳೆ ಆಸೆ. ಆದರೆ ಅವನ ಲೆಕ್ಕದಲ್ಲಿ ಒಂದು ತಪ್ಪಿತ್ತು. 48,000 ಇದೆ, ಹಾಗಾಗಿ 46,500ರ ಗಾಡಿ ಕೊಳ್ಳಬಹುದು ಅಂದುಕೊಂಡಿದ್ದ. ಐವತ್ತು ವರ್ಷ ದಾಟಿದ ಗಾಡಿಗೆ ಈ ಲೆಕ್ಕ ನಡೆಯುವುದಿಲ್ಲ. ಮನೆಗೆ ಬಂದ ಮೊದಲ ವರ್ಷ ಅದು ಎಷ್ಟು ಕೇಳುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. "ಎಂಟು ಸಾವಿರ ಪಕ್ಕಕ್ಕಿಡು. ಆ ದುಡ್ಡು ನಿನ್ನದಲ್ಲ, ಗಾಡಿಯದು. ಮಿಕ್ಕಿದ್ದರಲ್ಲಿ ಹುಡುಕು" ಅಂದೆ. ಅವನಿಗೆ ಬೇಜಾರಾಯಿತು. ಹೆಂಡತಿಗೆ ಖುಷಿಯಾಯಿತು.

ಮಸಲ್ ಕಾರು ಅಂದರೇನು ಅನ್ನುವವರಿಗೆ ಎರಡು ಮಾತು. ಮಧ್ಯಮ ಗಾತ್ರದ, ಮಧ್ಯಮ ಬೆಲೆಯ ಗಾಡಿಗೆ ದೊಡ್ಡ ಗಾಡಿಯ ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿ ಮಾರಿದ್ದೇ ಮಸಲ್ ಕಾರು. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಟೆಂಪೆಸ್ಟ್ ಗಾಡಿಗೆ 389 ಘನ ಇಂಚಿನ ಎಂಜಿನ್ ಕೂರಿಸಿ ಜಿಟಿಒ ಅಂತ ಹೆಸರಿಟ್ಟಲ್ಲಿಂದ ಈ ಹುಚ್ಚು ಎಲ್ಲ ಕಡೆ ಹಬ್ಬಿತು. ಎಪ್ಪತ್ತರ ದಶಕದ ಶುರುವಿನಲ್ಲಿ ವಿಮೆಯ ದರ, ಹೊಗೆಯ ಕಾನೂನು, 1973ರ ತೈಲ ಬಿಕ್ಕಟ್ಟು ಒಂದರ ಹಿಂದೆ ಒಂದು ಬಂದು ಅದನ್ನು ಮುಗಿಸಿದವು. ಮಸ್ಟಾಂಗ್ ಅನ್ನು ಪೋನಿ ಕಾರ್, ಅಂದರೆ ಚಿಕ್ಕ ಮೈಯ ಸ್ಪೋರ್ಟಿ ಕಾರು ಅನ್ನಬೇಕು ಅಂತ ವಾದಿಸುವವರಿದ್ದಾರೆ. ಸಣ್ಣ ಎಂಜಿನ್ನಿನ ಮಸ್ಟಾಂಗ್ ವಿಷಯದಲ್ಲಿ ಅದು ನಿಜ. ಮ್ಯಾಕ್ 1 ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಹನ್ನೊಂದು ಅಕ್ಷರ

ಆ ರಾತ್ರಿಯೇ ವಿನ್ ನಂಬರ್ ತರಿಸಿಕೊಂಡೆವು. ನಮ್ಮೂರಲ್ಲಿ ಚಾಸಿ ನಂಬರ್ ಅನ್ನುತ್ತೇವಲ್ಲ, ಅದು. ಈಗಿನ ಕಾರಿಗೆ 17 ಅಕ್ಷರ ಇರುತ್ತದೆ, ಕಂಪ್ಯೂಟರ್‌ನಲ್ಲಿ ಹಾಕಿದರೆ ಪೂರ್ತಿ ಜಾತಕ ಬರುತ್ತದೆ. ಆ ಪದ್ಧತಿ 1981ರಿಂದ ಈಚೆಗಿನದು. ಅದಕ್ಕಿಂತ ಹಳೆಯ ಗಾಡಿಗೆ ಆ ಸೌಲಭ್ಯ ಇಲ್ಲ. 1969ರ ಫೋರ್ಡ್‌ಗೆ ಇರುವುದು ಹನ್ನೊಂದೇ ಅಕ್ಷರ. ಆದರೆ ಓದಲು ಬಂದರೆ ಅದರಲ್ಲೇ ಬೇಕಾದಷ್ಟು ವಿಷಯ ಇದೆ.

ಈ ಗಾಡಿಯದು 9ಎಫ್02ಎಚ್ ಅಂತ ಶುರುವಾಗಿತ್ತು. 9 ಅಂದರೆ 1969. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. 02 ಅಂದರೆ ಹಿಂಭಾಗ ಇಳಿಜಾರಾಗಿರುವ ಸ್ಪೋರ್ಟ್ಸ್‌ರೂಫ್ ಬಾಡಿ. ಐದನೆಯದು ಎಂಜಿನ್ನಿನ ಅಕ್ಷರ, ಅದೇ ಮುಖ್ಯ. ಎಚ್ ಅಂದರೆ 351 ಘನ ಇಂಚಿನ, ಎರಡು ಬಾಯಿಯ ಕಾರ್ಬುರೇಟರ್ ಇರುವ, 250 ಎಚ್‌ಪಿ ಎಂಜಿನ್. ನಾಲ್ಕು ಬಾಯಿಯದಾದರೆ ಎಂ ಇರುತ್ತದೆ, ಅದು 290 ಎಚ್‌ಪಿ. ಜಾಹೀರಾತಿನಲ್ಲಿ ಬರೆದದ್ದು ನಾಲ್ಕು ಬಾಯಿಯದು ಅಂತ! ಕಾರ್ಬುರೇಟರನ್ನು ಯಾರೋ ಆಮೇಲೆ ಬದಲಾಯಿಸಿರಬೇಕು. ಅದೇನು ಮಹಾಪರಾಧ ಅಲ್ಲ. ಆದರೆ ಗಾಡಿ ಹುಟ್ಟಿದ್ದೇ ಹಾಗೆ ಅನ್ನುವಂತೆ ಬರೆದದ್ದು ಸರಿಯಲ್ಲ.

ಆ ಎಚ್‌ಪಿ ಅಂಕಿಗಳ ಬಗ್ಗೆಯೂ ಒಂದು ಮಾತು. ಆಗಿನ ಕಾಲದಲ್ಲಿ ಎಂಜಿನ್ನನ್ನು ಬೆಂಚಿನ ಮೇಲಿಟ್ಟು, ಫ್ಯಾನು, ಸೈಲೆನ್ಸರ್‌ಗಳ ಹೊರೆ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ಎಲ್ಲ ಜೋಡಿಸಿ ಅಳೆಯುವ ಪದ್ಧತಿ ಬಂದು ಅಂಕಿಗಳು ದಿಢೀರನೆ ಇಳಿದವು. ಹಾಗಾಗಿ ಅಂದಿನ 290ನ್ನು ಇವತ್ತಿನ 290ರ ಪಕ್ಕ ಇಡಬೇಡಿ. ಇವತ್ತಿನ ಒಂದು ಸಾಧಾರಣ ಫ್ಯಾಮಿಲಿ ಕಾರು ಸಿಗ್ನಲ್‌ನಿಂದ ಇದನ್ನು ಹಿಂದೆ ಹಾಕಬಹುದು. ವೇಗಕ್ಕೋಸ್ಕರ ಕೊಳ್ಳುವವರು ಮೊದಲೇ ಇದನ್ನು ತಿಳಿದುಕೊಂಡಿರಬೇಕು. ಈ ಗಾಡಿಯ ಸುಖ ಬೇರೆ. ಪೆಡಲ್ ಒತ್ತಿದರೆ ಬಾನೆಟ್ ಎಡಕ್ಕೋ ಬಲಕ್ಕೋ ಒಮ್ಮೆ ವಾಲುತ್ತದಲ್ಲ, ಆ ಸುಖ.

ಇನ್ನೊಂದು ಪ್ರಶ್ನೆ ಉಳಿದಿತ್ತು. 02, ಎಚ್ ಎರಡೂ ಸೇರಿದರೆ ಅದು ಮ್ಯಾಕ್ 1 ಇರಬಹುದು, ಸಾದಾ ಸ್ಪೋರ್ಟ್ಸ್‌ರೂಫ್ ಕೂಡ ಇರಬಹುದು. ವಿನ್ ನಂಬರ್ ಅದನ್ನು ಹೇಳುವುದಿಲ್ಲ. ಹೇಳುವುದು ಚಾಲಕನ ಬಾಗಿಲಿಗೆ ರಿವೆಟ್ ಹೊಡೆದ ಸಣ್ಣ ತಗಡಿನ ಪ್ಲೇಟ್. ಅದರಲ್ಲಿ 63ಸಿ ಅಂತಿದ್ದರೆ ಮ್ಯಾಕ್ 1, 63ಎ ಅಂತಿದ್ದರೆ ಸಾದಾ ಗಾಡಿ. ಫೋಟೊದಲ್ಲಿ 63ಸಿ ಅಂತ ಸ್ಪಷ್ಟವಾಗಿ ಕಾಣುತ್ತಿತ್ತು. ಸ್ವಲ್ಪ ಜಾಸ್ತಿಯೇ ಸ್ಪಷ್ಟವಾಗಿತ್ತು. ಐವತ್ತು ವರ್ಷ ಬಾಗಿಲಿನ ಅಂಚಿನಲ್ಲಿ ತಿಕ್ಕಿಸಿಕೊಂಡ ತಗಡಿನ ಮೇಲೆ ಒಂದು ಗೀರೂ ಇಲ್ಲ. ಇಂಥ ಪ್ಲೇಟನ್ನು ಹೊಸದಾಗಿ ಅಚ್ಚು ಹಾಕಿಸುವುದು ಕಷ್ಟವಲ್ಲ. ಕಳೆದುಹೋದದ್ದರ ಬದಲಿಗೆ ನಿಯತ್ತಾಗಿ ಹಾಕಿಸುವವರೂ ಇದ್ದಾರೆ.

ಹಾಗಾಗಿ ಮಾರ್ಟಿ ರಿಪೋರ್ಟ್ ತರಿಸಿದೆವು. 1967ರಿಂದ ಈಚೆಗಿನ ಫೋರ್ಡ್ ಗಾಡಿಗಳ ಉತ್ಪಾದನಾ ದಾಖಲೆಯನ್ನು ಫೋರ್ಡ್ ಕಂಪನಿಯಿಂದಲೇ ಪರವಾನಗಿ ಪಡೆದು ಇಟ್ಟುಕೊಂಡಿರುವವರು ಕೆವಿನ್ ಮಾರ್ಟಿ. ವಿನ್ ನಂಬರ್ ಕೊಟ್ಟರೆ ಆ ಗಾಡಿ ಕಾರ್ಖಾನೆಯಿಂದ ಯಾವ ಬಣ್ಣ, ಯಾವ ಎಂಜಿನ್, ಯಾವ ಯಾವ ಆಪ್ಷನ್ ಜೊತೆ ಹೊರಬಿತ್ತು ಅಂತ ಬರೆದುಕೊಡುತ್ತಾರೆ. ಸಣ್ಣ ರಿಪೋರ್ಟಿಗೆ ಹೋಟೆಲಿನ ಒಂದು ಊಟದ ಖರ್ಚು ಅಷ್ಟೆ. ಹಳೆ ಫೋರ್ಡ್ ಕೊಳ್ಳುವವರು ಇದೊಂದನ್ನು ಬಿಡಲೇಬಾರದು. ಪಾಂಟಿಯಾಕ್‌ಗೂ ಇಂಥದೇ ವ್ಯವಸ್ಥೆ ಇದೆ, ಪಿಎಚ್‌ಎಸ್ ಅಂತ. ಷೆವ್ರೊಲೆ ಗಾಡಿಗಳಲ್ಲಿ ಕಷ್ಟ. 1969ರಿಂದ ಅವರ ಷೆವೆಲ್ ಗಾಡಿಯ ಜೋರು ಮಾದರಿಯಾದ ಎಸ್‌ಎಸ್ ಅನ್ನುವುದು ಬರೀ ಒಂದು ಆಪ್ಷನ್ ಆಗಿತ್ತು, ವಿನ್ ನಂಬರಿನಲ್ಲಿ ಅದರ ಗುರುತೇ ಇಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೋ ಸೀಟಿನ ಸ್ಪ್ರಿಂಗ್ ಒಳಗೋ ಸಿಕ್ಕಿಕೊಂಡಿರುವ ಬಿಲ್ಡ್ ಶೀಟ್, ಅಂದರೆ ಗಾಡಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯವರು ಬರೆದ ಹಾಳೆ ಸಿಕ್ಕಿದರೆ ಪುಣ್ಯ.

ರಿಪೋರ್ಟ್ ಬರಲು ಎರಡು ದಿನ ಬೇಕಿತ್ತು. ಭಾನುವಾರ ಬೆಳಿಗ್ಗೆ ಗಾಡಿ ನೋಡಲು ಹೊರಟೆವು.

ಓಹಿಯೋ ಗಡಿಯ ಅಂಗಡಿ

ಹಳೆ ಕಾರು ಮಾರುವ ಒಂದು ಅಂಗಡಿ ಅದು. ಗಾಡಿಯನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿದ್ದರು. ನಿಜವಾಗಿ ಚೆಂದ ಇತ್ತು. ಕೆಂಪು ಮೈ, ಮಂಕು ಕಪ್ಪು ಬಾನೆಟ್, ಪಕ್ಕದಲ್ಲಿ ಪಟ್ಟಿ. ಗೆಳೆಯನಿಗೆ ಮಾತೇ ಹೊರಡಲಿಲ್ಲ. ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಬಾನೆಟ್ ಎತ್ತಿ ರೇಡಿಯೇಟರ್ ಮುಟ್ಟಿದೆ, ಅದಂತೂ ಸುಡುತ್ತಿತ್ತು. ನಾವು ಬರುವ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದರು. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ, ಮೊದಲ ಹೊಗೆ ಯಾವ ಬಣ್ಣ ಅನ್ನುವುದನ್ನು ನೋಡಬೇಕಾದರೆ "ನಾವು ಬರುವ ತನಕ ಗಾಡಿ ಮುಟ್ಟಬೇಡಿ" ಅಂತ ಮುಂಚೆಯೇ ಹೇಳಬೇಕು. ನಾವು ಹೇಳಿರಲಿಲ್ಲ.

ಚುಂಚನಕಟ್ಟೆ ಜಾತ್ರೆಯಲ್ಲಿ ನಮ್ಮ ತಾತ ಎತ್ತು ಕೊಳ್ಳುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕೊಂಬಿಗೆ ಬಳಿದ ಬಣ್ಣ, ಕುತ್ತಿಗೆಯ ಗೆಜ್ಜೆ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಗೊರಸು ಎತ್ತಿ ನೋಡುತ್ತಿದ್ದರು, ಹತ್ತು ಹೆಜ್ಜೆ ನಡೆಸುತ್ತಿದ್ದರು. ಹಳೆ ಮಸ್ಟಾಂಗ್‌ನಲ್ಲಿ ಹಲ್ಲು ಅಂದರೆ ತಗಡು. ಈ ಗಾಡಿಗೆ ಲಾರಿಗೆ ಇರುವ ಹಾಗೆ ಬೇರೆ ಚಾಸಿ ಇಲ್ಲ. ಮೈಯೇ ಚಾಸಿ. ನೆಲದ ತಗಡು, ಅದಕ್ಕೆ ಬೆಸೆದ ರೈಲುಗಳು, ಮೂಲೆಯ ಟಾರ್ಕ್ ಬಾಕ್ಸ್‌ಗಳು, ಇವೇ ಇಡೀ ಭಾರ ಹೊರುವುದು. ಎಂಜಿನ್ ಕೆಟ್ಟರೆ ಇಳಿಸಿ ಬೇರೆ ಕೂರಿಸಬಹುದು. ತಗಡು ಕೊಳೆತರೆ ಗಾಡಿಯೇ ಹೋದ ಹಾಗೆ.

ಜೇಬಿನಲ್ಲಿ ನಮ್ಮ ಫ್ರಿಜ್ ಮೇಲಿನ ಮೈಸೂರು ಅರಮನೆಯ ಮ್ಯಾಗ್ನೆಟ್ ತಂದಿದ್ದೆ. ಪೇಂಟ್ ಗೀಚದ ಹಾಗೆ ಕರ್ಚೀಫಿನಲ್ಲಿ ಸುತ್ತಿ ಗಾಡಿಯ ಮೈಮೇಲೆ ಆಡಿಸುತ್ತಾ ಹೋದೆ. ಬಾಗಿಲಿಗೆ ಗಟ್ಟಿಯಾಗಿ ಅಂಟಿತು. ಹಿಂದಿನ ಚಕ್ರದ ಕಮಾನಿನ ಹತ್ತಿರ ಬಂದಾಗ ಮೆಲ್ಲಗೆ ಜಾರಿ ಕೈಗೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಅಂಗೈಯಗಲಕ್ಕೆ ತಗಡೇ ಇಲ್ಲ, ಬರೀ ಪುಟ್ಟಿ. ಕೆಳಗೆ ಬಗ್ಗಿ ನೋಡಿದರೆ ಹೊಸದಾಗಿ ಬಳಿದ ದಪ್ಪ ಕಪ್ಪು ಅಂಡರ್‌ಕೋಟ್. ಅದನ್ನು ಕಂಡರೆ ನನಗೆ ಸಂಶಯ. ಒಳಗೆ ಏನಿದೆ ಅಂತ ಕಾಣದ ಹಾಗೆ ಮಾಡುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಆಮೇಲೆ ಕೌಲ್. ಹಳೆ ಮಸ್ಟಾಂಗ್ ನೋಡಲು ಹೋಗುವ ಯಾರಿಗಾದರೂ ನಾನು ಹೇಳುವ ಮೊದಲ ಮಾತೇ ಇದು.

ಬಾನೆಟ್ ಹಿಂದೆ, ಗಾಜಿನ ಮುಂದೆ ಒಂದು ಜಾಲರಿ ಇರುತ್ತದೆ. ಅದರ ಕೆಳಗೆ ಎರಡು ತಗಡು ಸೇರಿಸಿ ಬೆಸೆದ ಟೊಳ್ಳು ಪೆಟ್ಟಿಗೆ, ಅದೇ ಕೌಲ್. ಹೊರಗಿನ ಗಾಳಿ ಇಲ್ಲಿಂದ ಒಳಗೆ ಬರುತ್ತದೆ. ಮಳೆನೀರೂ ಅದೇ ಜಾಲರಿಯಿಂದ ಇಳಿದು ಎರಡು ಪಕ್ಕಕ್ಕೆ ಹರಿದು ಮುಂದಿನ ಚಕ್ರದ ಹಿಂದೆ ನೆಲಕ್ಕೆ ಬೀಳಬೇಕು. ಗಾಳಿ ಹೋಗುವ ತೂತಿನ ಸುತ್ತ ಕೊಡದ ಕಂಠದ ಹಾಗೆ ಒಂದು ಏರು ಅಂಚು ಇದೆ, ನೀರು ಒಳಗೆ ಬರದಿರಲಿ ಅಂತ. ಆ ಅಂಚಿನ ಬುಡದಲ್ಲಿ ಎಲೆ, ಕಸ ಕೂತು, ವರ್ಷಗಟ್ಟಲೆ ತೇವ ಹಿಡಿದು ತಗಡು ತೂತಾಗುತ್ತದೆ. ಆಮೇಲೆ ಮಳೆ ಬಂದಾಗಲೆಲ್ಲ ನೀರು ಸೀದಾ ಕಾಲಿನ ಹತ್ತಿರ ಕಾರ್ಪೆಟ್ ಕೆಳಗೆ. ಅಲ್ಲಿಂದ ನೆಲದ ತಗಡು ಕೊಳೆಯಲು ಶುರು. ಹೊರಗಿನಿಂದ ಏನೂ ಕಾಣುವುದಿಲ್ಲ. ಸರಿಮಾಡಲು ಮುಂದಿನ ಗಾಜು, ಫೆಂಡರ್‌ಗಳು ಎಲ್ಲ ಬಿಚ್ಚಬೇಕು, ಕಾರ್ಖಾನೆಯ ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು.

ಅಂಗಡಿಯವನನ್ನು ಕೇಳಿದೆ, ಇದರ ಮೇಲೆ ಸ್ವಲ್ಪ ನೀರು ಹಾಕಬಹುದಾ ಅಂತ. ಅವನು ತಡವರಿಸಿದ. ಕಾರ್ಪೆಟ್ ಹೊಸದು, ಒದ್ದೆಯಾದೀತು ಅಂದ. ಕೌಲ್ ಸರಿಯಿದ್ದರೆ ಕಾರ್ಪೆಟ್ ಯಾಕೆ ಒದ್ದೆಯಾಗುತ್ತದೆ, ಅಲ್ವಾ? ಕೊನೆಗೆ ಒಪ್ಪಿದ.

ಗೆಳೆಯನ ಕೈಯಲ್ಲಿ ಮಗಳ ಗುಲಾಬಿ ಬಣ್ಣದ ನೀರಿನ ಬಾಟಲಿ ಇತ್ತು, ಒಂದು ಲೀಟರಿನದು. ನಾನು ಚಾಲಕನ ಪಕ್ಕದ ಸೀಟಿನ ಮುಂದೆ ಅಂಗಾತ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡ್ ಕೆಳಗೆ ತೂರಿಸಿ ಟಾರ್ಚ್ ಹಿಡಿದೆ. "ಸುರಿ" ಅಂದೆ. ತಲೆಯ ಮೇಲೆ ತಗಡಿನಲ್ಲಿ ನೀರು ಹರಿಯುವ ಸದ್ದು. ಹೊರಗೆ ನೆಲಕ್ಕೆ ಬೀಳುವ ಸದ್ದೂ ಕೇಳಿತು. ಸರಿಯಿದೆ ಅಂದುಕೊಂಡೆ. ಎಂಟು ಹತ್ತು ಸೆಕೆಂಡ್ ಆಗಿರಬೇಕು, ಮಣಿಕಟ್ಟಿನ ಮೇಲೆ ಒಂದು ಹನಿ ಬಿತ್ತು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಕಾಫಿ ಬಣ್ಣ. ಇನ್ನೊಂದು ಬಿತ್ತು. ಆಮೇಲೆ ಹನಿ ನಿಂತು ಸಣ್ಣ ಧಾರೆಯೇ ಶುರುವಾಯಿತು. ಗೆಳೆಯನಿಗೆ ಏನೂ ಹೇಳಲಿಲ್ಲ. "ಬಾ, ನೀನೇ ಇಲ್ಲಿ ಮಲಗು" ಅಂತ ಜಾಗ ಬಿಟ್ಟುಕೊಟ್ಟು ಉಳಿದರ್ಧ ಬಾಟಲಿ ನಾನು ಸುರಿದೆ. ಎದ್ದು ಬಂದಾಗ ಅವನ ಮುಖ ನೋಡಲು ಆಗಲಿಲ್ಲ.

ಮಂಗಳವಾರ ಮಾರ್ಟಿ ರಿಪೋರ್ಟ್ ಬಂತು. ಗಾಡಿ 63ಎ. ಸಾದಾ ಸ್ಪೋರ್ಟ್ಸ್‌ರೂಫ್. ಹುಟ್ಟಿದ ಬಣ್ಣ ಚಾಂಪೇನ್ ಗೋಲ್ಡ್. 1969ರಲ್ಲಿ ಫೋರ್ಡ್ 72,458 ಮ್ಯಾಕ್ 1 ಮಾಡಿತು. ಇದು ಅವುಗಳಲ್ಲಿ ಒಂದಲ್ಲ. ಅಂಗಡಿಯವರಿಗೆ ಕಳಿಸಿದೆವು. ತಮಗೆ ಗೊತ್ತಿರಲಿಲ್ಲ, ಹಾಗೇ ಕೊಂಡಿದ್ದೆವು ಅಂದರು. ನಿಜ ಇರಬಹುದು. ಪ್ಲೇಟ್ ಬದಲಾಯಿಸಿದವರು ಮೂರು ಕೈ ಹಿಂದಿನವರೂ ಆಗಿರಬಹುದು. ಬೆಲೆ 39,000ಕ್ಕೆ ಇಳಿಸಿದರು.

ಅಪಾಯದ ಹೊತ್ತು ಅದೇ. 7,500 ಡಾಲರ್ ಉಳಿಯಿತು ಅಂತ ಗೆಳೆಯ ಮತ್ತೆ ವಾಲಿದ. ಪರಿಚಯದ ಒಂದು ಟಿಂಕರಿಂಗ್ ಅಂಗಡಿಗೆ ನಾನು ಫೋಟೊ ತೋರಿಸಿ ಕೇಳಿದೆ. ಕೌಲ್, ನೆಲ, ಹಿಂದಿನ ಎರಡು ಪಕ್ಕದ ತಗಡು, ಮತ್ತೆ ಪೇಂಟ್, ಎಲ್ಲ ಸೇರಿ 14,000 ಅಂದರು. ಅದೂ ಬಿಚ್ಚಿದ ಮೇಲೆ ಇನ್ನೇನೂ ಸಿಗದಿದ್ದರೆ. 53,000 ಡಾಲರ್, ಮ್ಯಾಕ್ 1 ಅಲ್ಲದ ಮ್ಯಾಕ್ 1ಕ್ಕೆ. ಬೇಡ ಅಂದ.

ಮುಂದಿನ ನಾಲ್ಕು ತಿಂಗಳು

ಆಮೇಲೆ ಎರಡು ಗಾಡಿ ಕೈತಪ್ಪಿದವು. ಒಂದು ನಾವು ಹೋಗುವ ಮೊದಲೇ ಮಾರಾಟವಾಗಿತ್ತು. ಇನ್ನೊಂದರ ಟೈಟಲ್ ಮಾರುವವನ ಹೆಸರಿನಲ್ಲೇ ಇರಲಿಲ್ಲ. ಟೈಟಲ್ ಅಂದರೆ ಇಲ್ಲಿನ ಆರ್‌ಸಿ. ಅದರಲ್ಲಿರುವ ಹೆಸರು ಮಾರುವವನದೇ ಆಗಿರಬೇಕು, ಅದರ ವಿನ್ ನಂಬರ್ ಡ್ಯಾಶ್‌ಬೋರ್ಡ್ ಮೇಲಿನದಕ್ಕೂ ಎಂಜಿನ್ ಪಕ್ಕದ ಅಪ್ರಾನ್ ತಗಡಿನ ಮೇಲೆ ಕೆತ್ತಿದ್ದಕ್ಕೂ ಅಕ್ಷರಕ್ಕಕ್ಷರ ತಾಳೆಯಾಗಬೇಕು. ಇದರಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಸುಮ್ನೆ ವಾಪಸ್ ಬನ್ನಿ.

ಆಗಸ್ಟ್ ಬಂದು ಹೋಯಿತು. ಅಪ್ಪ ಮಗಳು ರಸ್ತೆ ಬದಿ ಕುರ್ಚಿ ಹಾಕಿಕೊಂಡು ಬೇರೆಯವರ ಗಾಡಿ ನೋಡಿದರು.

ಆಗಸ್ಟ್ ಕೊನೆಗೆ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಒಂದು ಗಾಡಿ ಕಂಡಿತು. ಒಣ ಊರಿನ ಗಾಡಿ ಹುಡುಕು ಅಂತ ನಾನೇ ಹೇಳಿದ್ದೆ. ಮಿಶಿಗನ್, ಓಹಿಯೋಗಳಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಎರಚುತ್ತಾರೆ. ಹಳೆ ಗಾಡಿಗೆ ಆ ಉಪ್ಪೇ ವಿಷ. ಮರುಭೂಮಿಯಲ್ಲಿ ಬಿಸಿಲು ಡ್ಯಾಶ್‌ಬೋರ್ಡ್ ಬಿರಿಯಿಸುತ್ತದೆ, ಸೀಟು ಹರಿಯುತ್ತದೆ, ರಬ್ಬರ್ ಎಲ್ಲ ಹಪ್ಪಳ ಆಗುತ್ತದೆ. ಆದರೆ ತಗಡು ಉಳಿಯುತ್ತದೆ. ಹರಿದ ಸೀಟನ್ನು ಹೊಲಿಸಬಹುದು.

9ಆರ್02ಎಂ. ಎಂ, ಅಂದರೆ ನಾಲ್ಕು ಬಾಯಿಯ 351. ಮಾರ್ಟಿ ರಿಪೋರ್ಟ್ ಪ್ರಕಾರ 63ಸಿ, ಅಕಾಪುಲ್ಕೊ ಬ್ಲೂ. ಮಾಸಿದ ಬಣ್ಣ, ಬಾಗಿಲಲ್ಲಿ ತಗ್ಗು. ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ, ಆದರೆ ಅದು ನಿಜವಾಗಿ ಇದ್ದದ್ದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿ, ಈಗ ಆ ಕಟ್ಟಡ ಗ್ರೇಟ್ ಮಾಲ್ ಆಗಿದೆ. ಗೆಳೆಯ ಅಮೆರಿಕಕ್ಕೆ ಬಂದ ಹೊಸದರಲ್ಲಿ ಬಾಡಿಗೆಗೆ ಇದ್ದದ್ದು ಮಿಲ್ಪಿಟಾಸ್‌ನಲ್ಲೇ, ಮೊದಲ ಚಳಿಯ ಜಾಕೆಟ್ ಕೊಂಡದ್ದು ಅದೇ ಮಾಲ್‌ನಲ್ಲಿ! ಇದು ಗೊತ್ತಾದ ಮೇಲೆ ಅವನನ್ನು ಹಿಡಿಯುವುದು ಕಷ್ಟವಾಯಿತು.

ಆದರೂ ಕ್ರಮ ಬಿಡಲಿಲ್ಲ. ಹಳೆ ಗಾಡಿ ಪರೀಕ್ಷಿಸಿ ಹೇಳುವ ಅಲ್ಲಿಯ ಒಬ್ಬ ಇನ್ಸ್‌ಪೆಕ್ಟರ್‌ಗೆ 450 ಡಾಲರ್ ಕೊಟ್ಟು ಮೊದಲು ನೋಡಿಸಿದೆವು. ಅವರು ಸರಿಯಿದೆ ಅಂದ ಮೇಲೆ ಗೆಳೆಯ ವಿಮಾನ ಹತ್ತಿದ, ನಾನು ವಿಡಿಯೊ ಕಾಲ್‌ನಲ್ಲಿದ್ದೆ. ಎಂಜಿನ್ ತಣ್ಣಗಿತ್ತು. ಕೌಲ್ ಮೇಲೆ ಎರಡು ಬಾಟಲಿ ನೀರು ಸುರಿದ, ಅದೂ ಅದೇ ಗುಲಾಬಿ ಬಾಟಲಿಯಿಂದ. ಒಳಗೆ ಒಂದು ಹನಿ ಬೀಳಲಿಲ್ಲ. ಗಾಡಿ ಒಬ್ಬ ಹಿರಿಯರದು, 1984ರಿಂದ ಅವರ ಹತ್ತಿರವೇ ಇತ್ತು. ಅವರು ತೀರಿಕೊಂಡ ಮೇಲೆ ಮಗ ಮಾರುತ್ತಿದ್ದರು. ಒಂದು ಫೈಲ್ ತುಂಬ ರಸೀದಿ. ಅದರಲ್ಲಿ 1991ರ ಒಂದು ರಸೀದಿ ಬೇರೆ 351 ಎಂಜಿನ್ ಹಾಕಿಸಿದ್ದಕ್ಕೆ. ಅಂದರೆ ಎಂಜಿನ್ ಬ್ಲಾಕ್ ಮೇಲಿನ ನಂಬರ್ ಗಾಡಿಗೆ ತಾಳೆಯಾಗುವುದಿಲ್ಲ. ಮ್ಯಾಚಿಂಗ್ ನಂಬರ್ಸ್ ಅಂತ ಹರಾಜುಗಳಲ್ಲಿ ಕೂಗುತ್ತಾರಲ್ಲ, ಅದು ಇದಕ್ಕಿಲ್ಲ. ಅದೇ ಕಾರಣಕ್ಕೆ ಬೆಲೆ ಕಡಿಮೆ. ಮಾರಿ ಲಾಭ ಮಾಡುವವರಿಗೆ ಅದು ದೊಡ್ಡ ಕೊರತೆ. ಮಗಳನ್ನು ಕೂರಿಸಿಕೊಂಡು ಓಡಿಸುವವನಿಗೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ, ಈಗಲೂ ಅದೇ. ಅವರು ಕೇಳಿದ್ದು 41,000. ಮುಗಿದದ್ದು 38,500ಕ್ಕೆ.

ನನ್ನ ಕಣ್ಣು ತಪ್ಪಿದ್ದು

ಗಾಡಿ ಟ್ರೈಲರ್‌ನಲ್ಲಿ ಬಂತು, ಸಾಗಣೆಗೆ 1,400. ಮಿಶಿಗನ್ ತೆರಿಗೆ ಶೇ. 6ರಂತೆ 2,310. ಇದನ್ನು ಮೊದಲ ಸಲ ಕೊಳ್ಳುವವರು ಮರೆತೇ ಬಿಡುತ್ತಾರೆ.

ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಮುಂಭಾಗ ಎತ್ತಿ ಗ್ರೀಸ್ ಒರೆಸಿದಾಗ ಚಾಲಕನ ಬದಿಯ ಷಾಕ್ ಟವರ್‌ನಲ್ಲಿ ಬೆರಳುದ್ದ ಬಿರುಕು ಕಂಡಿತು. ಮುಂದಿನ ಸಸ್ಪೆನ್ಷನ್ನಿನ ಭಾರವೆಲ್ಲ ತಗಡಿನ ಈ ಎರಡು ಕಂಬಗಳ ಮೇಲೆ ಬೀಳುತ್ತದೆ. ಮಸ್ಟಾಂಗ್‌ನಲ್ಲಿ ಅಲ್ಲಿ ಬಿರುಕು ಬಿಡುವುದು ಹೊಸದಲ್ಲ. ನನಗೆ ಗೊತ್ತಿತ್ತು, ವಿಡಿಯೊದಲ್ಲಿ ಆ ಜಾಗ ತೋರಿಸು ಅಂತಲೂ ಹೇಳಿದ್ದೆ. ಆದರೆ ಗ್ರೀಸ್ ಒರೆಸಿ ತೋರಿಸು ಅಂತ ಹೇಳಲಿಲ್ಲ. ಇನ್ಸ್‌ಪೆಕ್ಟರ್ ಕೂಡ ಒರೆಸಿರಲಿಲ್ಲ. ಇನ್ನು ಮುಂದೆ ಯಾರ ಜೊತೆ ಹೋದರೂ ಒಂದು ಹಳೆ ಬನಿಯನ್ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ತೆಗೆದುಕೊಂಡೇ ಹೋಗುತ್ತೇನೆ. ಬೆಸುಗೆ, ಮುಂದಿನ ಬುಷ್‌ಗಳು, ಅಲೈನ್‌ಮೆಂಟ್ ಸೇರಿ 2,300 ಆಯಿತು.

ಟೈರುಗಳ ಗೆರೆ ಸವೆದಿರಲಿಲ್ಲ. ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ 2309. ಅಂದರೆ 2009ರ 23ನೇ ವಾರದ್ದು. ಹಳೇ ಟೈರ್ ಒಳಗಿಂದ ಒಣಗಿರುತ್ತದೆ, ಹೈವೇಯಲ್ಲಿ ಸಿಡಿಯಬಹುದು. ನಾಲ್ಕೂ ಬದಲಾಯಿಸಿ 780. ಬ್ರೇಕಿನ ಸಿಲಿಂಡರ್, ಹೋಸ್, ಪೈಪ್‌ಗಳಿಗೆ 1,150. ಇದರಲ್ಲಿ ಗೆಳೆಯ ಒಂದು ಪೈಸೆಯನ್ನೂ ಹಿಡಿಯಲಿಲ್ಲ, ದಿನವಿಡೀ ಬ್ರೇಕಿನ ಕೆಲಸವನ್ನೇ ಮಾಡುವವನಲ್ಲವೇ. ಪೆಟ್ರೋಲ್ ಟ್ಯಾಂಕ್ ಮತ್ತು ರಬ್ಬರ್ ಹೋಸ್ 640. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್‌ಗೆ ಹಳೆಯ ರಬ್ಬರ್ ತಡೆಯುವುದಿಲ್ಲ, ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿಯೇ. ಡ್ಯಾಶ್ ಕೆಳಗಿನ ವೈರಿಂಗ್ 850, ಕಾರ್ಬುರೇಟರ್ 420. ಆಯಿಲ್ ಹಾಕುವಾಗ ಜಿಂಕ್ ಜಾಸ್ತಿ ಇರುವುದನ್ನೇ ಹಾಕುತ್ತಾನೆ. ಈ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಹಳೆ ತರದ ಟ್ಯಾಪೆಟ್‌ಗಳ ಮೇಲೆ ನೇರವಾಗಿ ತಿಕ್ಕುತ್ತದೆ, ಈಗಿನ ಸಾಮಾನ್ಯ ಆಯಿಲ್ ಅದಕ್ಕೆ ಸಾಲದು.

ವಿಮೆ ವರ್ಷಕ್ಕೆ 560. ಅಗ್ರೀಡ್ ವ್ಯಾಲ್ಯೂ ಪಾಲಿಸಿ ಮಾಡಿಸಿದ್ದಾನೆ. ಗಾಡಿ ಪೂರ್ತಿ ಹೋದರೆ ಎಷ್ಟು ಕೊಡಬೇಕು ಅಂತ ಮೊದಲೇ ಬರೆದುಕೊಂಡಿರುತ್ತಾರೆ. ದಿನನಿತ್ಯದ ಕಾರಿನ ಪಾಲಿಸಿಗೆ ಇದನ್ನು ಸೇರಿಸಿದರೆ, ಹಳೆಯದು ಅಂತ ಸವಕಳಿ ಕಳೆದು ಕೊಡುತ್ತಾರೆ. ಮಿಶಿಗನ್‌ನಲ್ಲಿ 26 ವರ್ಷ ತುಂಬಿದ ಗಾಡಿಗೆ ಹಿಸ್ಟಾರಿಕ್ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ.

ಮೊದಲ ವರ್ಷದ ಖರ್ಚು ಹೀಗೆ 6,700. ಗಾಡಿಯ ಬೆಲೆ, ಇನ್ಸ್‌ಪೆಕ್ಟರ್, ಸಾಗಣೆ, ತೆರಿಗೆ ಸೇರಿಸಿದರೆ ಒಟ್ಟು 49,360. ಬಜೆಟ್ ಮೇಲೆ 1,360 ಜಾಸ್ತಿ. ಏಪ್ರಿಲ್‌ನಲ್ಲಿ ಆ ಕೆಂಪು ಗಾಡಿಗೆ 46,500 ಕೊಟ್ಟಿದ್ದರೆ ತೆರಿಗೆ ಕಟ್ಟಲೂ ದುಡ್ಡು ಸಾಲುತ್ತಿರಲಿಲ್ಲ, ಕಾಫಿ ಬಣ್ಣದ ನೀರು ಕಾಲ ಮೇಲೆ ಬೀಳುತ್ತಿತ್ತು.

ಒಂದು ವಿಷಯ ನಮಗಿಬ್ಬರಿಗೂ ಹೊಳೆದಿರಲಿಲ್ಲ, ಅವನ ಹೆಂಡತಿ ಕೇಳಿದರು. "ಅಣ್ಣ, ಇದರಲ್ಲಿ ಮಗು ಎಲ್ಲಿ ಕೂರುತ್ತೆ?" ಹಿಂದಿನ ಸೀಟಿನಲ್ಲಿ ಸೊಂಟದ ಬೆಲ್ಟ್ ಮಾತ್ರ. ಬೂಸ್ಟರ್ ಸೀಟಿಗೆ ಭುಜದ ಬೆಲ್ಟ್ ಇರಲೇಬೇಕು. ಮಕ್ಕಳ ಸೀಟಿಗೆ ಕೊಂಡಿ ಹಾಕುವ ಜಾಗವಂತೂ ಆ ಕಾಲದ ಕಾರಿನಲ್ಲಿ ಇಲ್ಲವೇ ಇಲ್ಲ. ಮುಂದಿನ ಸೀಟಿನಲ್ಲಿ ಪಕ್ಕದಲ್ಲಿ ಕೂರಿಸುವ ಕನಸನ್ನು ಅವರು ಅಲ್ಲೇ ನಿಲ್ಲಿಸಿದರು, ಅದು ಸರಿಯೇ. ಹಿಂದಿನ ಸೀಟಿಗೆ ಮೂರು ಕಡೆ ಬಿಗಿಯುವ ಬೆಲ್ಟ್ ಹಾಕಿಸುವ ತನಕ ಮಗಳು ಗಾಡಿ ಹತ್ತುವುದಿಲ್ಲ ಅಂತ ಮೂವರೂ ಒಪ್ಪಿದೆವು. ಬೆಲ್ಟ್ ಬಿಗಿಯುವ ಜಾಗಕ್ಕೆ ಒಳಗಿಂದ ದಪ್ಪ ತಗಡು ಬೆಸೆಯಬೇಕು. ಆ ಕೆಲಸ ಈ ಚಳಿಗಾಲಕ್ಕೆ ಇಟ್ಟುಕೊಂಡಿದ್ದೇವೆ.

ಸದ್ಯಕ್ಕೆ ಹಿಂದಿನ ಸೀಟು ಬಿಚ್ಚಿ ನನ್ನ ಗ್ಯಾರೇಜಿನ ಗೋಡೆಗೆ ಒರಗಿಸಿದೆ. ಗಾಡಿ ಸ್ಟ್ಯಾಂಡಿನ ಮೇಲಿದೆ. ಮಾರ್ಚ್ ಕೊನೆಗೆ ಎರಡು ಜೋರು ಮಳೆ ಬಂದು ರಸ್ತೆಯ ಉಪ್ಪೆಲ್ಲ ತೊಳೆದು ಹೋಗಬೇಕು. ಅಲ್ಲಿಯ ತನಕ ಅದನ್ನು ಹೊರಗೆ ತೆಗೆಯುವುದಿಲ್ಲ.